ಅರ್ಧ ಹೆಬ್ಬೆಟ್ಟು, ಪೂರಾ ಸಹಿ

ನಾನು ಒಂದು ಎ.ಡಿ. ಕಾರ್ಡು. ರಿಜಿಸ್ಟರ್ಡ್ ಟಪಾಲಿನ ಬೆನ್ನಿಗೆ ಅಂಟಿಕೊಂಡು ಹೋಗಿ, ಪಡೆದವರ ಸಹಿ ಹೊತ್ತು ಕಳಿಸಿದವರ ಹತ್ತಿರವೇ ಮರಳುವ ಅಂಗೈಯಗಲದ ರಟ್ಟು. ಲಕೋಟೆಗೆ ಹೋಗುವುದಷ್ಟೇ ಗೊತ್ತು. ಹೋಗಿ ಬರುವವನು ನಾನು. ಜಂಬ ಅನ್ನುತ್ತೀರಾ? ಅನ್ನಿ. ಇರುವ ಜಂಬವನ್ನು ನಾನೇಕೆ ಮುಚ್ಚಿಡಲಿ?

ಹುಟ್ಟಿದ್ದು ಅಚ್ಚಿನ ಮನೆಯಲ್ಲಿ, ನೂರು ಅಣ್ಣತಮ್ಮಂದಿರ ಕಟ್ಟಿನೊಳಗೆ. ಗದಗಿನ ಕೋರ್ಟಿನಲ್ಲಿ ಒಬ್ಬ ಗುಮಾಸ್ತೆ ನನ್ನನ್ನು ಕಟ್ಟಿನಿಂದ ಎಳೆದು, 'ಸಂಗವ್ವ ಹಡಗಲಿ, ಬೆಟಗೇರಿ' ಎಂದು ಬರೆದು, ಒಂದು ಲಕೋಟೆಗೆ ಎರಡು ಪಿನ್ನು ಹೊಡೆದು ಸೇರಿಸಿದಳು. ನೋವಾಯಿತು. ಆದರೆ ಕೆಲಸ ಸಿಕ್ಕಿತಲ್ಲ!

ಲಕೋಟೆಯೊಳಗೆ ಕೋರ್ಟಿನ ನೋಟಿಸು ಇತ್ತು. ಸಂಗವ್ವನ ಅಣ್ಣನ ಮಗ ಮಹಾಂತೇಶ ಅರ್ಜಿ ಹಾಕಿದ್ದ: 'ನಮ್ಮ ಅತ್ತೆಯ ಬುದ್ಧಿ ಸ್ಥಿಮಿತದಲ್ಲಿಲ್ಲ. ಓದಲು, ಸಹಿ ಮಾಡಲು ಬರುವುದಿಲ್ಲ. ನನ್ನನ್ನು ಆಕೆಯ ಪಾಲಕನೆಂದು ನೇಮಿಸಬೇಕು.' ನೇಮಿಸಿದರೆ ಆಕೆಯ ಮನೆ, ಬದುಕು ಎಲ್ಲ ಅವನ ಕೈಗೆ. ಅದಕ್ಕೇ ನ್ಯಾಯಾಧೀಶರು ಮೊದಲು ಆಕೆಗೆ ನೋಟಿಸು ಮುಟ್ಟಲಿ ಎಂದರು. ಮುಟ್ಟಿತೋ ಇಲ್ಲವೋ ಎಂದು ಹೇಳಬೇಕಾದವನು ನಾನು.

ಪೋಸ್ಟಮನ್ ದಾವಲಸಾಬನ ಚೀಲದಲ್ಲಿ ಕೂತು ಬೆಟಗೇರಿಗೆ ಹೋದೆ. ಬಾಗಿಲಿಗೆ ಹೊರಗಿನಿಂದ ಕೀಲಿ! ಮಹಾಂತೇಶ ಅಂಗಡಿಯಿಂದ ಓಡಿಬಂದು, ಉಡದಾರದಿಂದ ಕೀಲಿಕೈ ಬಿಚ್ಚಿ ಬಾಗಿಲು ತೆಗೆದ. ಒಳಗೆ ಸಂಗವ್ವ ಚಾಪೆಯ ಮೇಲೆ ಕೂತಿದ್ದಳು. ಅತ್ತೆಯನ್ನು 'ನೋಡಿಕೊಳ್ಳಲು' ಬಂದ ಅಳಿಯ ಎರಡು ವರ್ಷದಿಂದ ನೋಡಿಕೊಳ್ಳುತ್ತಿದ್ದ ರೀತಿ ಇದು.

"ಅಕ್ಕಾರ, ನಿಮಗ ರಿಜಿಸ್ಟರ ಬಂದೈತ್ರಿ. ಸಹಿ ಮಾಡ್ರಿ," ಎಂದ ದಾವಲಸಾಬ.

"ಆಕಿಗೆಲ್ಲಿ ಸಹಿ ಬರ್ತೈತೋ ಮಾರಾಯಾ? ತಲಿ ಕೆಟ್ಟೈತಿ," ಎನ್ನುತ್ತ ಮಹಾಂತೇಶ ಲಕೋಟೆ ಕಸಿದು ಹರಿದೇ ಬಿಟ್ಟ.

"ಸಹಿ ಆಗೋ ಮೊದಲ ಒಡಿಬಾರದ್ರಿ ಅದನ್ನ!" ದಾವಲಸಾಬನಿಗೆ ಸಿಟ್ಟು ಬಂತು. ನನಗೂ ಬಂತು.

ಮಹಾಂತೇಶ ಕೇಳಲಿಲ್ಲ. ಅತ್ತೆಯ ಎದುರಿಗೆ ಕೂತು, ನೋಟಿಸನ್ನು ತನ್ನ ಕಡೆಗೆ ತಿರುಗಿಸಿ ತೊಡೆಯ ಮೇಲೆ ಹರವಿದ. "ರೇಷನ್ ಕಾರ್ಡಿನ ಕಾಗದ, ಅತ್ತಿ. ಹೆಬ್ಬಟ್ಟ ಒತ್ತು," ಎಂದು ಕಿಸೆಯಿಂದ ಮಸಿಪ್ಯಾಡು ತೆಗೆದು, ಆಕೆಯ ಹೆಬ್ಬೆರಳು ಹಿಡಿದು ನನ್ನ ಮೇಲೆ ಊರಿದ.

ಅಯ್ಯೋ, ಮುಗಿಯಿತು ಅಂದುಕೊಂಡೆ. ಹೆಬ್ಬೆಟ್ಟು ಹೊತ್ತು ನಾನು ಮರಳಿದರೆ, ನೋಟಿಸು ಮುಟ್ಟಿಯೂ ಆಕೆ ಕೋರ್ಟಿಗೆ ಬರಲಿಲ್ಲವೆಂದಾಗಿ, ಆಕೆಗೆ ಸಹಿ ಬಾರದೆಂದು ಅವನು ಹೇಳಿದ್ದೇ ಸತ್ಯವಾಗುತ್ತಿತ್ತು.

ಆದರೆ ಸಂಗವ್ವ ಏನಾಗಿದ್ದಳು ಗೊತ್ತೇ? ಮೂವತ್ತೆಂಟು ವರ್ಷ ಗದಗಿನ ಪ್ರೆಸ್ಸಿನಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸಿದವಳು. ಮೊಳೆ ಜೋಡಿಸುವವರು ಅಕ್ಷರಗಳನ್ನು ತಲೆಕೆಳಗಾಗಿಯೇ ಓದುತ್ತಾರೆ. ಅಳಿಯನ ತೊಡೆಯ ಮೇಲಿದ್ದ ಕಾಗದ ಆಕೆಗೆ ತಲೆಕೆಳಗಾಗಿತ್ತು, ಹತ್ತಿರದ್ದು ಕಾಣದ, ಚಾಳೀಸು ಬಂದ ಕಣ್ಣಿಗೆ ಬೇಕಾದಷ್ಟು ದೂರದಲ್ಲೂ ಇತ್ತು. ಎದುರಿನಿಂದಲೇ ಆಕೆ ಸರಾಗವಾಗಿ ಓದತೊಡಗಿದಳು.

"ಜಿಲ್ಲಾ ನ್ಯಾಯಾಲಯ, ಗದಗ... ಬುದ್ಧಿ ಸ್ಥಿಮಿತದಲ್ಲಿಲ್ಲದ ಸಂಗವ್ವ... ಹದಿನೆಂಟನೇ ತಾರೀಖು ಮುಂಜಾನೆ ಹನ್ನೊಂದಕ್ಕ..."

ಸರ್ರನೆ ಹೆಬ್ಬೆರಳು ಎಳೆದುಕೊಂಡಳು. ನನ್ನ ಮೇಲೆ ಅರ್ಧ ಗುರುತು ಮಾತ್ರ ಬಿತ್ತು.

"ಏ ಮಾಂತೇಶ, ರೇಷನ್ ಕಾರ್ಡ ಯಾವಾಗಿಂದ ಕೋರ್ಟಿನ್ಯಾಗ ಕೊಡಾಕ ಹತ್ಯಾರೋ? ದಾವಲಸಾಬ, ಪೆನ್ನ ತಾ."

ಮಹಾಂತೇಶ ಇಂಗು ತಿಂದ ಮಂಗನಂತಾದ. ಆಕೆ ಮೊದಲು ನನ್ನ ಮೇಲಿನ ಅಚ್ಚಿನ ಗೆರೆಗಳನ್ನು ಬೆರಳಿನಿಂದ ಸವರಿ, "ಗೆರಿ ಸೊಟ್ಟ ಕುಂತಾವ. ನಮ್ಮ ಪ್ರೆಸ್ಸಿನ್ಯಾಗ ಆಗಿದ್ರ ಬೈಸ್ಕೊಂತಿದ್ರು," ಎಂದಳು. ಆ ಹೊತ್ತಿನಲ್ಲೂ ಅದು ಬೇಕಿತ್ತೇ! ಆಮೇಲೆ ಹೆಸರು, ತಾರೀಖು ಬರೆದು ಸಹಿ ಮಾಡಿದಳು.

ದಾವಲಸಾಬ ಪಿನ್ನು ಕಿತ್ತು ನನ್ನನ್ನು ಬಿಡಿಸಿಕೊಂಡ. "ಹದಿನೆಂಟಕ್ಕ ನಾನ ಬಂದ ಕರ್ಕೊಂಡ ಹೊಕ್ಕೀನ್ರಿ, ಅಕ್ಕಾರ," ಎಂದ. ರಜೆ ಹಾಕಿ ಬಂದೇ ಬಂದ.

ಅಂದು ನಾನು ನ್ಯಾಯಾಧೀಶರ ಮೇಜಿನ ಮೇಲೆ, ತೆರೆದ ಕಡತದಲ್ಲಿದ್ದೆ. ಸಹಿ ಬಾರದವಳ ಸಹಿ ನನ್ನ ಮೈಮೇಲೆ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಏಕೆ?

"ಈ ಅರ್ಧ ಹೆಬ್ಬೆಟ್ಟು ಯಾರದು?" ಎಂದರು ನ್ಯಾಯಾಧೀಶರು.

"ನಂದ್ರಿ. ಒತ್ತಿಸಿದಾಂವ ಇವ. ಬಿಡಿಸ್ಕೊಂಡಾಕಿ ನಾನ."

ಅರ್ಧ ತಾಸು ಪ್ರಶ್ನೆ ಕೇಳಿದರು, ಆಕೆಯ ಬುದ್ಧಿ ನೆಟ್ಟಗಿದೆ ಎಂದು ಸರಕಾರಿ ಡಾಕ್ಟರು ಬರೆದ ಚೀಟಿ ನೋಡಿದರು, ಅರ್ಜಿ ವಜಾ ಮಾಡಿದರು. "ಬೇರೆ ಏನಾದರೂ ಹೇಳುವುದಿದೆಯೇ ತಾಯಿ?"

"ನನ್ನ ಮನಿ ಕೀಲಿಕೈ ಇವನ ಉಡದಾರದಾಗ ಐತ್ರಿ ಸಾಹೇಬ್ರ. ಕೊಡಸ್ರಿ."

ಮಹಾಂತೇಶ ತಲೆ ತಗ್ಗಿಸಿ, ಬಿಚ್ಚಿ, ಮೇಜಿನ ಮೇಲೆ ಹಾಕಿದ. ಅದು ಸೀದಾ ನನ್ನ ಮೇಲೆ ಬಿತ್ತು. ಹಳೆಯ ಕಬ್ಬಿಣದ ಕೀಲಿಕೈ, ಬೆವರಿಗೆ ತುಕ್ಕು ಹಿಡಿದಿತ್ತು.

ಈಗ ನಾನು ರೆಕಾರ್ಡ್ ರೂಮಿನಲ್ಲಿ, ಕೆಂಪು ಬಟ್ಟೆಯ ಗಂಟಿನೊಳಗೆ ಇದ್ದೇನೆ. ಮೈ ಹಳದಿಯಾಗಿದೆ, ಅಂಚು ಮುರಿದಿದೆ. ಅವಧಿ ಮುಗಿದರೆ ಸುಡುತ್ತಾರಂತೆ. ಸುಡಲಿ, ನನ್ನ ಕೆಲಸ ಮುಗಿಸಿಯೇ ಬಂದಿದ್ದೇನೆ. ಅಷ್ಟರೊಳಗೆ ಯಾರಾದರೂ ಧೂಳು ಕೊಡವಿ ನನ್ನನ್ನು ತೆಗೆದರೆ ಸಹಿ ಕಾಣುತ್ತದೆ, ಅರ್ಧ ಹೆಬ್ಬೆಟ್ಟು ಕಾಣುತ್ತದೆ. ಪಕ್ಕದ ತುಕ್ಕಿನ ಕಲೆ ಯಾವುದೆಂದು ಮಾತ್ರ ಅವರಿಗೆ ತಿಳಿಯದು. ಅದು ಸಂಗವ್ವನ ಮನೆಯ ಕೀಲಿಕೈ, ಸ್ವಾಮಿ. ನನ್ನ ಮೇಲಿಂದ ಅದನ್ನು ಆಕೆಯೇ ಎತ್ತಿಕೊಂಡು ಹೋದಳು.