ಬೋಳಾರಕ್ಕೆ ಬಂದ ಕುರೆತಾನಿ

ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಬೋಳಾರದ ಜಯಕ್ಕ ಕರೆಂಟ್ ಬಿಲ್ಲಿನವನನ್ನೂ ಹಾಗೇ ಕಳಿಸಿದವರಲ್ಲ. ಆದರೆ ಆವತ್ತು ಬೆಳಿಗ್ಗೆ ಮಗಳು ನಿರೀಕ್ಷಾಳಿಗೆ ಹೇಳಿಬಿಟ್ಟಿದ್ದರು: "ಆ ಜನ ಬರ್ಲಿ, ಕೂರ್ಲಿ. ಎಂತಕ್ಕೆ ಬಂದದ್ದು ಅಂತ ಗೊತ್ತಾಗದೆ ನಾನು ನೀರು ಕೊಡುದಿಲ್ಲ."

ಆ ಜನ ಎಂದರೆ ಕುರೆತಾನಿ. ಜಪಾನಿನ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದು, ಆಮೇಲೆ ಚುನಾವಣೆ ಗೆದ್ದು, ಮಂತ್ರಿಯಾಗಿ, ಪಕ್ಷದ ನಾಯಕನೂ ಆಗಿ, ಈಗ ಎಲ್ಲ ಬಿಟ್ಟು ಕೂತ ಮುದುಕ. ಇಪ್ಪತ್ತೆಂಟು ವರ್ಷದ ಹಿಂದೆ ಜಯಕ್ಕನ ಗಂಡ ಮುದ್ದು ಕೆಲಸಕ್ಕಿದ್ದ ಸರಕು ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಹುಡುಕಲು ಬಂದ ಹಡಗಿನಲ್ಲಿ ದುರ್ಬೀನು ಹಿಡಿದು ನಿಂತಿದ್ದವನು ಇವನೇ. 'ಬದುಕಿದವರು ಯಾರೂ ಕಾಣಲಿಲ್ಲ' ಎಂದು ಬರೆದುಕೊಟ್ಟವನೂ ಇವನೇ.

ಆ ಒಂದು ಸಾಲಿನ ಮೇಲೆ ಜಯಕ್ಕ ಬದುಕು ಕಟ್ಟಿಕೊಂಡಿದ್ದರು. ಗಂಡ ನಿದ್ದೆಯಲ್ಲೇ ಹೋದರು, ಅವರಿಗೆ ಏನೂ ಗೊತ್ತಾಗಲಿಲ್ಲ ಎಂದು ಹೇಳಿಕೊಂಡೇ ಬೀಡಿ ಕಟ್ಟಿ ಮಗಳನ್ನು ಓದಿಸಿದರು. ಮಗಳು ಹಟಕ್ಕೆ ಬಿದ್ದು ಜಪಾನಿ ಕಲಿತಳು. ಕಲಿಯದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿದ್ದು ಆವತ್ತೇ.

ಕುರೆತಾನಿ ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ ಮಂಡಿಯೂರಿ, ಸಾವಿರ ಭಾಷಣ ಮಾಡಿದ ಗಂಟಲಿನಲ್ಲಿ ತಡವರಿಸುತ್ತ ಹೇಳತೊಡಗಿದ. ಬೆಳಕು ಹರಿದ ಮೇಲೆ ನೀರಿನಲ್ಲಿ ಒಬ್ಬನನ್ನು ಕಂಡೆ. ಬದುಕಿದ್ದ. ಆ ಅಲೆಗೆ ದೋಣಿ ಇಳಿಸಿದರೆ ನಮ್ಮ ಹುಡುಗರೇ ಹೋಗುತ್ತಾರೆಂದು ಹೆದರಿ ಕ್ಯಾಪ್ಟನ್‌ಗೆ ತಿಳಿಸಲಿಲ್ಲ. ಆ ಮುಖ ಆಮೇಲೆ, ಮುಳುಗಿದವರ ಫೈಲಿನಲ್ಲಿದ್ದ ನಿಮ್ಮ ಗಂಡನ ಫೋಟೋದಲ್ಲಿ ಸಿಕ್ಕಿತು. ಸುಳ್ಳು ಬರೆದೆ, ಆ ಸುಳ್ಳು ಹೊತ್ತುಕೊಂಡೇ ಓಟು ಕೇಳಿದೆ, ಗೆದ್ದೆ. ಹೇಳುತ್ತ ಹೇಳುತ್ತ ಎಡಗೈ ಮೇಲೆತ್ತಿ, ಬಟ್ಟೆ ಬೀಸುವಂತೆ ಎರಡು ಸಲ ಆಡಿಸಿದ.

ನಿರೀಕ್ಷಾಳಿಗೆ ಸಿಟ್ಟು ನೆತ್ತಿಗೇರಿತು. ಇವನ ಭಾರ ಇಳಿಸಿಕೊಳ್ಳಲು ಅಮ್ಮನ ತಲೆಯೇ ಬೇಕಿತ್ತೇ?

"ಎಂತ ಹೇಳಿದ್ದು?" ಎಂದರು ಜಯಕ್ಕ.

"ಯಾರನ್ನೂ ಉಳಿಸ್ಲಿಕ್ಕೆ ಆಗ್ಲಿಲ್ಲ, ಕ್ಷಮಿಸಿ ಅಂತ. ಅಪ್ಪನಿಗೆ ಏನೂ ಗೊತ್ತಾಗ್ಲಿಲ್ಲವಂತೆ ಅಮ್ಮ."

ಜಯಕ್ಕ ಮುದುಕನ ಎಡಗೈಯನ್ನೇ ನೋಡುತ್ತಿದ್ದರು. "ನಿನ್ನ ಅಪ್ಪ ಎಡಚ. ಊರಿಂದ ಹೊರಡುವಾಗ ರಿಕ್ಷಾದಿಂದ ಕೈ ಹೊರಗೆ ಹಾಕಿ ಹೀಗೇ ಹೆಗಲಿನ ಬೈರಾಸು ಬೀಸ್ತಿದ್ದರು, ತಿರುವು ದಾಟುವವರೆಗೆ. ನೀನು ಸಣ್ಣವಳು, ನಿನಗೆ ನೆನಪಿಲ್ಲ. ಈ ಜನದ ಹತ್ರ ಕೇಳು, ಎಷ್ಟು ಹೊತ್ತು ಬೀಸಿದರು ಅಂತ."

ನಿರೀಕ್ಷಾ ಕೇಳಿದಳು. ಉತ್ತರ ಬಂದಾಗ ಸುಳ್ಳು ನಾಲಿಗೆಗೆ ಬರಲಿಲ್ಲ.

"ಹನ್ನೊಂದು ನಿಮಿಷ."

"ಅಷ್ಟೂ ಹೊತ್ತು ಈ ಜನ ನೋಡ್ತಾ ಇದ್ದದ್ದಾ?"

"ಹೌದಮ್ಮ. ಕೊನೆಯವರೆಗೆ."

ಜಯಕ್ಕ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಸುದ್ದಿ ಬಂದ ದಿನ ಅಳದೆ ಉಳಿದದ್ದನ್ನೆಲ್ಲ ಅತ್ತರು. ಮಗಳು ಮುಟ್ಟಲು ಹೋದರೆ ಕೈ ಸರಿಸಿದರು. ಆಮೇಲೆ ಎದ್ದು ಒಳಗೆ ಹೋಗಿ, ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದು ಮುದುಕನ ಮುಂದಿಟ್ಟರು.

"ಕುಡೀಲಿಕ್ಕೆ ಹೇಳು. ನಾನು ಕ್ಷಮಿಸಿದೆ ಅಂತ ಮಾತ್ರ ಹೇಳ್ಬೇಡ. ಅವರನ್ನು ಕೊನೆಗೆ ಕಂಡ ಕಣ್ಣು ಉಂಟಲ್ಲ ಇದು, ನೀರು ಕೊಡದೆ ಕಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ನಿರೀಕ್ಷಾ ಒಂದಕ್ಷರ ಬಿಡದೆ ಹೇಳಿದಳು. ಕುರೆತಾನಿ ಎರಡೂ ಕೈಯಲ್ಲಿ ಚೊಂಬು ಎತ್ತಿಕೊಂಡು, ನೀರು ಮುಗಿಯುವವರೆಗೂ ತಲೆ ಎತ್ತಲಿಲ್ಲ.