ಹಂಚುವವರಿಗೆ ಪಾಲಿಲ್ಲ

ಮೃಗಶಿರಾ ಮಳೆ ಕೂಡಿದ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು. ಎರಡು ಸಾವಿರದ ಒಂದನೇ ಇಸವಿ. ಅವತ್ತು ಮೀನು ತಿನ್ನಬೇಕೆಂಬ ರೂಢಿಗೆ ಹೈದರಾಬಾದಿನ ಅರ್ಧ ಜನ ಮೀನಿನ ಅಂಗಡಿ ಮುಂದೆ ನಿಂತಿದ್ದರೆ ನಾಚಾರಂನ ಕಾಶಿನಾಥನಿಗೆ ಫೋನು ಬಿಟ್ಟು ಏಳಲಾಗಲಿಲ್ಲ. ಮೊದಲು ಪಂಪು ಮಾಡುವ ಕಾರ್ಖಾನೆಯವರು ಕರೆದರು, ಆಮೇಲೆ ಪ್ಲಾಸ್ಟಿಕ್ ಡಬ್ಬಿಯವರು, ಆಮೇಲೆ ಎಲ್ಲರೂ. ದೂರು ಒಂದೇ. ಇ-ಮೇಲ್ ಬರುತ್ತಿಲ್ಲ, ಹೋಗುತ್ತಲೂ ಇಲ್ಲ.

ಕಾಶಿನಾಥ ಹುಮನಾಬಾದಿನ ಕಡೆಯವನು. ಟೀವಿ ಕೇಬಲ್ ಎಳೆಯಲು ಕಂಬ ಹತ್ತುತ್ತ ಹತ್ತುತ್ತ ಈ ಊರಿನಲ್ಲಿ ಕಾಲೂರಿದವನು. ಕಾಲ ಬದಲಾದಂತೆ ಅದೇ ಕಂಬಗಳ ಮೇಲೆ ಇಂಟರ್ನೆಟ್ ಎಳೆದು ನಾಚಾರಂನ ಸಣ್ಣಪುಟ್ಟ ಕಾರ್ಖಾನೆಗಳಿಗೆ ಕೊಟ್ಟಿದ್ದ. ತಂತಿಯ ಕೆಲಸವೆಲ್ಲ ಅವನಿಗೆ ಕೈಯಾಡಿದ್ದು. ಕಂಪ್ಯೂಟರಿನ ಒಳಗಿನ ಕೆಲಸ ಮಾತ್ರ ಶಾಂಭವಿಯದು. ಅವಳು ಭಾಲ್ಕಿಯ ಹುಡುಗಿ. ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿದ್ದು ನೆಟ್‌ವರ್ಕಿನ ಕೋರ್ಸು ಮುಗಿಸಿ ಇವನ ಹತ್ತಿರ ಕೆಲಸಕ್ಕೆ ಸೇರಿದ್ದಳು. ಅವಳು ಬಂದ ಮೇಲೆ ಅಂಗಡಿ ನೆಲ ಬಿಟ್ಟು ಎದ್ದಿತು. "ನಿನಗೂ ಇದರಾಗ ಒಂದು ಪಾಲು ಮಾಡ್ತೀನಿ ಯವ್ವಾ, ದೀಪಾವಳಿಗೆ ಬರದು ಕೊಡ್ತೀನಿ" ಎಂದು ಕಾಶಿನಾಥನೇ ಬಾಯಿಬಿಟ್ಟು ಹೇಳಿದ್ದ. ದೀಪಾವಳಿ ಸಂಕ್ರಾಂತಿಗೆ ಹೋಯಿತು, ಸಂಕ್ರಾಂತಿ ಯುಗಾದಿಗೆ ಹೋಯಿತು. ಕೊಡಬಾರದೆಂದು ಅವನ ಮನಸ್ಸಿನಲ್ಲಿ ಇರಲಿಲ್ಲ. ಇವತ್ತೇ ಕೊಡಬೇಕೆಂದೂ ಇರಲಿಲ್ಲ. ಅವಳು ಒಮ್ಮೆ ಕೇಳಿದಳು, ಮತ್ತೆ ಕೇಳಲಿಲ್ಲ.

ಅವತ್ತು ಪರದೆ ನೋಡಿ ಶಾಂಭವಿ, "ಕಾಕಾ, ಬೇಗಂಪೇಟಿಯವರು ನಮ್ಮ ವಿಳಾಸ ಎಲ್ಲಾ ಬದಲಿ ಮಾಡ್ಯಾರ" ಎಂದಳು.

ಇಂಟರ್ನೆಟ್ಟಿಗೆ ಕೂಡಿದ ಒಂದೊಂದು ಯಂತ್ರಕ್ಕೂ ಅಂಕಿಗಳ ಒಂದು ವಿಳಾಸ ಬೇಕು. ಒಬ್ಬರದು ಇನ್ನೊಬ್ಬರಿಗೆ ಇರಬಾರದು. ಮೇಲ್ ಮನೆ ಹುಡುಕಿಕೊಂಡು ಬರುವುದು ಅದನ್ನು ನೋಡಿಯೇ. ಕಾಶಿನಾಥ ಬೇಗಂಪೇಟೆಯ ಒಂದು ದೊಡ್ಡ ಕಂಪನಿಯಿಂದ ಇಂಟರ್ನೆಟ್ಟನ್ನು ಸಗಟಾಗಿ ಕೊಳ್ಳುತ್ತಿದ್ದ. ವಿಳಾಸಗಳೂ ಅದರ ಜೊತೆಗೇ ಬಂದಿದ್ದವು.

"ಒಂದು ಮಾತು ಹೇಳಲಾರದ ಬದಲಿ ಮಾಡಿದ್ರ?"

"ಯಾಕ ಹೇಳ್ತಾರ? ವಿಳಾಸ ಅವರವು. ನಾವು ಬಾಡಿಗಿಯವರು. ಖಾಲಿ ಮಾಡ್ರಿ ಅಂದ್ರ ಮಾಡೂದ."

ಆ ವಾರವೆಲ್ಲ ಇಬ್ಬರೂ ಮಳೆಯಲ್ಲಿ ತೊಯ್ಯುತ್ತ ಕಾರ್ಖಾನೆಯಿಂದ ಕಾರ್ಖಾನೆಗೆ ನಡೆದರು. ಕಾಶಿನಾಥ ಕೊಡೆ ಹಿಡಿಯುತ್ತಿದ್ದ, ಶಾಂಭವಿ ಒಂದೊಂದೇ ಯಂತ್ರಕ್ಕೆ ಹೊಸ ವಿಳಾಸ ಹಾಕುತ್ತಿದ್ದಳು. ಪಂಪಿನ ಕಾರ್ಖಾನೆಯ ಮಾಲೀಕ ಗೇಟಿನಲ್ಲೇ ನಿಲ್ಲಿಸಿ, ಇನ್ನೊಂದು ಸಲ ಹೀಗಾದರೆ ನಿನ್ನ ತಂತಿ ಕಿತ್ತು ರಸ್ತೆಗೆ ಎಸೆಯುತ್ತೇನೆ ಎಂದು ತೆಲುಗಿನಲ್ಲಿ ಬೈದ. ಕಾಶಿನಾಥನ ಸಂಪಾದನೆಯಲ್ಲಿ ಅರ್ಧ ಆ ಒಂದು ಗೇಟಿನಿಂದಲೇ ಬರುತ್ತಿತ್ತು. ಅದು ಮುಚ್ಚಿದರೆ ಉಳಿದ ಗೇಟುಗಳೂ ಮುಚ್ಚುತ್ತವೆ ಎಂಬುದು ಅವನಿಗೆ ತಿಳಿದಿತ್ತು.

"ಬಾಡಿಗಿ ಸಾಕು. ಸ್ವಂತದ್ದು ಎಲ್ಲಿ ಸಿಗ್ತಾವ?" ಎಂದು ಕೇಳಿದ.

"ಏಷ್ಯಾಕ್ಕೆಲ್ಲಾ ಹಂಚೂ ಸಂಸ್ಥಾ ಆಸ್ಟ್ರೇಲಿಯಾದಾಗ ಐತ್ರಿ. ನಮ್ಮಂಥ ಸಣ್ಣವರಿಗೆ ಒಬ್ಬೊಬ್ಬರಿಗೆ ಕೊಡೂದಿಲ್ಲ. ಎಲ್ಲಾರೂ ಕೂಡಿ ಈ ಭಾಗಕ್ಕ ಒಂದು ಸಂಘ ಮಾಡಿದ್ರ ಒಂದು ಗಂಟು ಕೊಡ್ತಾರ. ಒಳಗ ನಾವ ಹಂಚ್ಕೋಬೇಕು."

ತನ್ನಂಥವರನ್ನು ಕೂಡಿಸಲು ಕಾಶಿನಾಥ ಸ್ಕೂಟರ್ ಹತ್ತಿದ. ಜೀಡಿಮೆಟ್ಲಾದ ಹುಸೇನಪ್ಪ ಎಲ್ಲರಿಗಿಂತ ಹಿರಿಯ, ರಾಯಚೂರಿನ ಕಡೆಯವನು, ಔಷಧಿ ಕಾರ್ಖಾನೆಗಳಿಗೆ ಇಂಟರ್ನೆಟ್ ಕೊಡುತ್ತಿದ್ದ. ಅವನು ಮೊದಲು ಒಪ್ಪಿದ. ಅಮೀರ್‌ಪೇಟ್‌ನ ನರ್ಸಿಂಗರಾವ್ ಆಮೇಲೆ ಒಪ್ಪಿದ. ಇವನದು ದೊಡ್ಡ ಧಂದೆ. ಅಲ್ಲಿಯ ಹಾಸ್ಟೆಲುಗಳು, ಇನ್‌ಸ್ಟಿಟ್ಯೂಟುಗಳು ಎಲ್ಲ ಅವನ ತಂತಿಯ ಮೇಲೆಯೇ. ಜಹೀರಾಬಾದಿನವನಾದ್ದರಿಂದ ಕನ್ನಡವೂ ಬರುತ್ತಿತ್ತು. ಆಮೇಲೆ ಬೀದರಿನವರು, ಕಲಬುರ್ಗಿಯವರು, ವರಂಗಲ್ಲಿನವರು ಕೂಡಿಕೊಂಡರು. ಆಸ್ಟ್ರೇಲಿಯಾದವರಿಗೆ ಬರೆಯುವುದು, ಅವರು ಕೇಳಿದ್ದಕ್ಕೆ ಉತ್ತರಿಸುವುದು, ಉತ್ತರದ ಮೇಲೆ ಮತ್ತೆ ಕೇಳಿದ್ದಕ್ಕೆ ಮತ್ತೆ ಉತ್ತರಿಸುವುದು ಶಾಂಭವಿಯ ಪಾಲಿಗೆ ಬಂತು. ಕೊನೆಗೆ ಒಂದೇ ಪ್ರಶ್ನೆ ಉಳಿಯಿತು. ವಿಳಾಸಗಳನ್ನು ಹಂಚುವ ಹೊಣೆ ಹೊರುವವರು ಯಾರು? ಹೆಸರು ಕೊಡಿ, ಇಲ್ಲವಾದರೆ ಸಂಘವಿಲ್ಲ.

ಅದಕ್ಕಾಗಿ ದಸರೆ ಕಳೆದ ಭಾನುವಾರ ಜೀಡಿಮೆಟ್ಲಾದಲ್ಲಿ ಹುಸೇನಪ್ಪನ ಗೋದಾಮಿನ ಮೇಲೆ ಎಲ್ಲರೂ ಸೇರಿದರು. ಹೊರಗಿನ ಔಷಧಿ ವಾಸನೆಗೆ ಕಿಟಕಿ ಮುಚ್ಚಿತ್ತು. ಒಳಗೆ ಮಿರ್ಚಿ ಭಜಿ, ಚಹಾ.

"ನಾನ ನೋಡ್ಕೋತೀನಿ ಬಿಡ್ರಿ," ಎಂದ ನರ್ಸಿಂಗರಾವ್. "ನನ್ನ ಕಡೆ ಮಂದಿ ಅದಾರ, ಎ.ಸಿ. ರೂಮ್ ಐತಿ."

"ಎ.ಸಿ. ಯಾಕೋ? ನಂಬರ್ ಏನ್ ಹಾಲಾ, ಒಡದು ಹೋಗಾಕ?" ಎಂದ ಹುಸೇನಪ್ಪ. ಎಲ್ಲರೂ ನಕ್ಕರು.

ಕಾಶಿನಾಥನಿಗೆ ನಗು ಬರಲಿಲ್ಲ. ಗಂಟು ನರ್ಸಿಂಗರಾವನ ಕೈಗೆ ಹೋದರೆ ಅಮೀರ್‌ಪೇಟೆಗೆ ಬೊಗಸೆ, ನಾಚಾರಂಗೆ ಚಿಟಿಕೆ. ಅವನು ಎದ್ದು ನಿಂತ.

"ನಮ್ಮೂರ ಕೆರೀದು ಒಂದು ಪದ್ಧತಿ ಐತ್ರಿ. ತೂಬು ತೆಗದು ನೀರು ಬಿಡಾಂವಗ ಆ ಕೆರಿ ಕೆಳಗ ಒಂದು ಗುಂಟೆ ಹೊಲಾ ಇರಬಾರದು. ಇದ್ದರ ನೀರು ಮೊದಲು ಎಲ್ಲಿ ಹರೀತೈತಿ ಅಂತ ಬ್ಯಾರೆ ಕೇಳೂದ ಬ್ಯಾಡ. ಇಲ್ಲೂ ಹಂಗ ಇರಲಿ. ಹಂಚೂರಿಗೆ ಪಾಲಿಲ್ಲ, ಪಾಲಿದ್ದಾರು ಹಂಚಂಗಿಲ್ಲ."

"ಭಾಳ ಚೊಲೋ ಮಾತು," ಎಂದರು ಬೀದರಿನವರು. ಸುತ್ತಲೂ ತಲೆಗಳು ಆಡಿದವು.

ನರ್ಸಿಂಗರಾವ್ ಚಹಾ ಪೂರ್ತಿ ಮುಗಿಸಿ ಕಪ್ಪು ಕೆಳಗಿಟ್ಟ. "ನನಗ ಬಾಗಲಾ ಹಾಕಿದ್ರಿ ಸೇಠ್. ಹಾಕ್ರಿ. ಆದ್ರ ಪೂರಾ ಹಾಕ್ರಿ. ಪಾಲಿದ್ದವರ ಕಡೆ ಪಗಾರ ತೊಗೊಳ್ಳೋರೂ ಬ್ಯಾಡ. ಇಲ್ಲಾಂದ್ರ ನಾ ನನ್ನ ಮ್ಯಾನೇಜರ್‌ನ ಕೂಡಸ್ತೀನಿ, ನೀವು ನಿಮ್ಮವರನ್ನ ಕೂಡಸ್ತೀರಿ."

ಅದೂ ನ್ಯಾಯವಾಗಿಯೇ ಇತ್ತು. ಒಪ್ಪುವವರು ಕೈ ಎತ್ತಿ ಅಂದಾಗ ಕಾಶಿನಾಥನ ಕೈಯೇ ಮೊದಲು ಎದ್ದಿತು.

"ಹಂಗಾದ್ರ ಉಳಿದಾರು ಯಾರು?" ಹುಸೇನಪ್ಪ ಸುತ್ತ ನೋಡಿದ. "ನಮ್ಮ ತಂತಿ ಎಲ್ಲೆಲ್ಲಿ ಹೋಗ್ಯಾವ ಅಂತ ಹೊರಗಿನಾಂವಗ ಏನ್ ಗೊತ್ತು?"

ನರ್ಸಿಂಗರಾವ್ ಕೈಯಲ್ಲಿದ್ದ ಭಜಿಯಿಂದಲೇ ಮೂಲೆಗೆ ತೋರಿಸಿದ. ಶಾಂಭವಿ ಅಲ್ಲಿ ಕುಳಿತಿದ್ದಳು. "ಈ ಹುಡುಗಿ. ಆಸ್ಟ್ರೇಲಿಯಾದವರಿಗೆ ನಮ್ಮಾಗ ಗೊತ್ತಿರೂದು ಇಕೀ ಹೆಸರು ಒಂದ. ನೌಕರಿ ಬಿಟ್ಟು ಬರಲಿ, ಪಗಾರ ಎಲ್ಲಾರೂ ಕೂಡಿ ಕೊಡೂಣು."

"ಅಕಿ ನಮ್ಮ ಅಂಗಡ್ಯಾಕಿ," ಎಂದ ಕಾಶಿನಾಥ. ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಯಿತು.

"ಪಗಾರ ಬಿಟ್ಟರ ಯಾರ ಅಂಗಡ್ಯಾಕಿನೂ ಅಲ್ಲ," ಎಂದ ಹುಸೇನಪ್ಪ. "ಆದ್ರ ಒಂದು ಕೇಳ್ತೀನಿ ತಮ್ಮಾ, ಖರೇ ಹೇಳು. ನಿನ್ನ ಅಂಗಡ್ಯಾಗ ಅಕೀಗೆ ಪಾಲು ಐತೋ ಇಲ್ಲೋ? ಇದ್ದರ ಮಾತು ಮುಗೀತು."

ಐತಿ ಅಂದರೆ ಸಾಕಿತ್ತು. ಯಾರೂ ಎದುರು ಮಾತಾಡುತ್ತಿರಲಿಲ್ಲ. ಅವಳು ಉಳಿಯುತ್ತಿದ್ದಳು. ಆದರೆ ಆಸ್ಟ್ರೇಲಿಯಾಕ್ಕೆ ಕೊಡಲು ಹೆಸರಿಲ್ಲದೆ ಸಂಘ ಅಲ್ಲಿಗೇ ನಿಲ್ಲುತ್ತಿತ್ತು, ಬೇಗಂಪೇಟೆಯವರು ಇನ್ನೊಮ್ಮೆ ವಿಳಾಸ ಬದಲಿಸುವವರೆಗೆ ಅಷ್ಟೇ ಇವನ ಅಂಗಡಿ. ಇಲ್ಲ ಅಂದರೆ ಸ್ವಂತ ವಿಳಾಸ ಬರುತ್ತದೆ, ಅದನ್ನು ಯಂತ್ರಗಳಿಗೆ ಹಾಕುವ ಕೈ ಹೋಗುತ್ತದೆ. ಕಾಶಿನಾಥ ಶಾಂಭವಿಯ ಕಡೆ ನೋಡಿದ. ಅವಳು ಇವನನ್ನೇ ನೋಡುತ್ತಿದ್ದಳು. ಏನು ಹೇಳುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ. ಆ ಮುಖದ ಮುಂದೆ, ಕೊಡದೇ ಇದ್ದದ್ದನ್ನು ಕೊಟ್ಟೆ ಎನ್ನಲು ನಾಲಿಗೆ ಹೊರಳಲಿಲ್ಲ.

"ಕೊಡ್ತೀನಿ ಅಂದಿದ್ದೆ. ಕೊಟ್ಟಿಲ್ಲ."

"ಯಾವಾಗ ಅಂದಿದ್ದಿ?"

"ಹ್ವಾದ ದೀಪಾವಳಿಗೆ."

"ವಾಹ್ ಸೇಠ್!" ನರ್ಸಿಂಗರಾವ್ ತೊಡೆ ತಟ್ಟಿದ. "ಕೊಟ್ಟಿದ್ರ ಇವತ್ತ ಉಳೀತಿದ್ಲು ನೋಡ್ರಿ!"

ಗೋದಾಮೆಲ್ಲ ನಕ್ಕಿತು. ಕಾಶಿನಾಥನೂ ನಗಲು ನೋಡಿದ.

ಶಾಂಭವಿ ಎದ್ದಳು. "ನಾ ಮಾಡ್ತೀನ್ರಿ. ಆದ್ರ ಬೇಕು ಅಂದಷ್ಟು ಕೊಡಂಗಿಲ್ಲ. ಎಷ್ಟು ಮಷೀನ್ ಅದಾವ ಅಂತ ತೋರಿಸಿದವರಿಗೆ ಅಷ್ಟ."

"ನಿಮ್ಮ ಕಾಕಾಗೂ?" ಎಂದ ನರ್ಸಿಂಗರಾವ್.

"ಕಾಕಾಗೂ."

ಹಿಂದಿರುಗುವಾಗ ಅವಳು ಸ್ಕೂಟರಿನ ಹಿಂದೆ ಕುಳಿತಿದ್ದಳು. ಬಾಲಾನಗರ ದಾಟಿದ ಮೇಲೆ ಕಾಶಿನಾಥ ಕೇಳಿದ.

"ಒಪ್ಪೂಕಿಂತ ಮೊದಲು ನನ್ನ ಒಂದು ಮಾತು ಕೇಳಬಾರದಾಗಿತ್ತೇನ ಯವ್ವಾ?"

"ಕೇಳಿದ್ರ ನೀವು ಮುಂದಿನ ಹಬ್ಬ ತೋರಸ್ತಿದ್ರಿ ಕಾಕಾ."

ತಾರ್ನಾಕದ ಸಿಗ್ನಲ್ಲಿನಲ್ಲಿ ನಿಂತಾಗ ಅವನು ಹಿಂತಿರುಗಿ ನೋಡದೆಯೇ, "ನಾಳೆ ಬರದು ಕೊಡ್ತೀನಿ. ನಾಳೀನ" ಎಂದ.

"ಈಗ ತೊಗೊಂಡ್ರ ಸಂಘ ಮುರೀತೈತಿ. ಕೆರಿ ಪದ್ಧತಿ ನೀವ ಹೇಳೀರಿ."

"ಮತ್ತ ಹೊಸಾ ವಿಳಾಸ ಬಂದ ಮ್ಯಾಲೆ ಕಾರ್ಖಾನಿ ಒಳಗ ಯಾರು ಹಾಕ್ತಾರ?"

"ನೀವ."

ಮರುದಿನದಿಂದ ಅವನನ್ನು ಕಂಪ್ಯೂಟರಿನ ಮುಂದೆ ಕೂಡಿಸಿದಳು. ಕಂಬ ಹತ್ತಿ ಹತ್ತಿ ದಪ್ಪಗಾದ ಬೆರಳುಗಳು ಒಂದು ಕೀಲಿ ಒತ್ತಲು ಹೋಗಿ ಎರಡು ಒತ್ತುತ್ತಿದ್ದವು. ಒಮ್ಮೆ ಒಂದೇ ವಿಳಾಸವನ್ನು ಎರಡು ಯಂತ್ರಕ್ಕೆ ಹಾಕಿದ. ಎರಡೂ ಸುಮ್ಮನಾದವು. ಶಾಂಭವಿ ಕೈ ಕಟ್ಟಿ ಕುಳಿತಳು, ಹೇಳಿಕೊಡಲಿಲ್ಲ. ತಪ್ಪು ಅವನಿಗೇ ಸಿಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

"ಈ ವಯಸ್ಸಿನಾಗ ಸಾಲಿಗೆ ಹೆಸರು ಹಚ್ಯಾರ," ಎಂದು ಅವನ ಹೆಂಡತಿ ಗಂಗಾಬಾಯಿ ಬುತ್ತಿ ತಂದಿಟ್ಟಳು. "ಏನ್ ಮಾಡಾಕತ್ತೀರಿ ಅಂತ ಕೇಳಿದ್ರ ಮುಖಾನೂ ಎತ್ತೂದಿಲ್ಲ. ಹೊಡಿ ಶಾಂಭವಿ, ಛಡಿ ತೊಗೊಂಡು ಹೊಡಿ."

ಕಾರ್ತಿಕ ಮುಗಿಯುವ ಹೊತ್ತಿಗೆ ಆಸ್ಟ್ರೇಲಿಯಾದಿಂದ ಉತ್ತರ ಬಂತು. ಹೆಸರು ಒಪ್ಪಿಗೆಯಾಗಿದೆ, ಆಕೆ ಅಧಿಕಾರ ವಹಿಸಿಕೊಂಡ ದಿನ ವಿಳಾಸಗಳನ್ನು ಬಿಡುತ್ತೇವೆ ಎಂದಿದ್ದರು. ಸಂಘಕ್ಕೆ ಕಾಚಿಗುಡ ಸ್ಟೇಷನ್ನಿನ ಎದುರು ಒಂದು ಕೋಣೆ ಹಿಡಿದರು. ಅಷ್ಟೊತ್ತಿಗೆ ಕಾಶಿನಾಥ ಒಂದು ಯಂತ್ರದ ವಿಳಾಸವನ್ನು ಯಾರ ಸಹಾಯವೂ ಇಲ್ಲದೆ ಬದಲಿಸುತ್ತಿದ್ದ. ನಿಧಾನ, ಆದರೆ ತಪ್ಪಿಲ್ಲ. ಪಂಪಿನ ಕಾರ್ಖಾನೆಗೆ ತಾನೇ ಹೋಗಿ, ಇನ್ನೊಮ್ಮೆ ಬದಲಿಸಬೇಕು, ಆಮೇಲೆ ಎಂದೂ ಇಲ್ಲ ಎಂದು ಹೇಳಿ ಬೈಸಿಕೊಂಡು ಬಂದಿದ್ದ. ತಂತಿ ಮಾತ್ರ ಅವರು ಕೀಳಲಿಲ್ಲ.

ಕಾರ್ತಿಕದ ಕೊನೆಯ ದಿನವಾದ ಛಟ್ಟಿ ಅಮಾವಾಸ್ಯೆ ಕಳೆದ ಸೋಮವಾರ, ಗಂಗಾಬಾಯಿ ಬಡಿಸಿದ ಊಟ ಮುಗಿಸಿ, ಅವಳ ಕೈಯಿಂದ ಕುಂಕುಮ ಹಚ್ಚಿಸಿಕೊಂಡು, ಶಾಂಭವಿ ನಾಚಾರಂ ಬಿಟ್ಟು ಕಾಚಿಗುಡದ ಕೋಣೆಗೆ ಹೋದಳು.