ಮಿಕ್ಕ ಮಾತ್ರೆಗಳ ಡಬ್ಬ

ಆ ಮನೆಯ ಬಿಸ್ಕತ್ತಿನ ಡಬ್ಬದಲ್ಲಿ ಬಿಸ್ಕತ್ತಿರಲಿಲ್ಲ. ಯಾರ್ಯಾರದೋ ಕಾಯಿಲೆಯಲ್ಲಿ ಮಿಕ್ಕ ಮಾತ್ರೆಗಳಿದ್ದವು. ಜ್ವರ ಬಿಟ್ಟ ಮೇಲೂ ನುಂಗುವುದು ದಂಡ, ಎತ್ತಿಟ್ಟರೆ ಇನ್ನೊಬ್ಬರಿಗಾದೀತು ಎಂಬುದು ತಾಯಿಯ ಶಾಸ್ತ್ರ. ಹೇಳಿ, ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬ ಇಲ್ಲವೇ?

ಮಗ ಆಸ್ಪತ್ರೆಯ ಲ್ಯಾಬಿನವನು. ರೋಗಿಯ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ಪತ್ತೆ ಮಾಡುವುದೇ ಅವನ ಕೆಲಸ. ಅರೆಬರೆ ಮಾತ್ರೆ ತಿಂದರೆ ಕ್ರಿಮಿ ಸಾಯದೆ ಅಡಗಿ ಕೂರುತ್ತದೆಂದು ಹೊಸಬರಿಗೆ ಪಾಠವನ್ನೂ ಹೇಳುತ್ತಿದ್ದ. ಮನೆಯಲ್ಲಿ ಮಾತ್ರ, ತಾಯಿ "ನಮ್ಮನೆ ಡಾಕ್ಟರು" ಎಂದರೆ ಸಾಕು, ಉಬ್ಬಿಹೋಗಿ ತಾನೇ ಡಬ್ಬ ತೆರೆಯುತ್ತಿದ್ದ.

ಪಕ್ಕದ ಬೀದಿಯಲ್ಲಿ ಸಂಸಾರ ಹೂಡಿದ್ದ ಅಕ್ಕನಿಗೆ ಜ್ವರ ಬಂದಾಗಲೂ ಅದೇ ಆಯಿತು. ಎರಡು ಮಾತ್ರೆ ಕೊಟ್ಟ, ಇಳಿಯಿತು. ಮತ್ತೆ ಬಂತು, ಮತ್ತೆ ಕೊಟ್ಟ.

"ಆಸ್ಪತ್ರೆಗೆ ತೋರಿಸೋಣ್ವಾ?" ಎಂದರು ಭಾವ.

"ಮನೇಲೇ ಇವನಿರುವಾಗ ಅಲ್ಲಿ ಹೋಗಿ ಯಾಕಪ್ಪಾ ಕಾಯ್ತಾ ಕೂರ್ಬೇಕು?" ಎಂದು ತಾಯಿ ಅಳಿಯನ ಬಾಯಿ ಮುಚ್ಚಿಸಿದಳು.

ಕೊನೆಗೆ ಅಕ್ಕ ಮಂಚ ಬಿಟ್ಟು ಏಳಲಾರದಾದಾಗ ಅವನ ಆಸ್ಪತ್ರೆಗೇ ಸೇರಿಸಿದರು. ಡಾಕ್ಟರಮ್ಮ ಮೊದಲು ಕೇಳಿದ್ದೇ, "ಮನೇಲಿ ಏನಾದ್ರೂ ಮಾತ್ರೆ ಕೊಟ್ಟಿದ್ರಾ?"

"ಅಯ್ಯೋ, ಏನೂ ಇಲ್ಲಮ್ಮಾ," ಎಂದಳು ತಾಯಿ, ಮಗನ ಮುಖ ನೋಡುತ್ತ. ಜೊತೆಯವರ ಮುಂದೆ ಮಾನ ಹೋದೀತೆಂದು ಅವನೂ ತುಟಿ ಪಿಟಕ್ಕೆನ್ನಲಿಲ್ಲ.

ಕ್ರಿಮಿ ಬೆಳೆಸಿ ನೋಡುವ ದ್ರವಕ್ಕೆ ಅಕ್ಕನ ರಕ್ತ ಬೆರೆಸಿದ ಬಾಟಲಿ ಅವನ ಮೇಜಿಗೇ ಬಂತು. ಕ್ರಿಮಿ ಬೆಳೆದರೆ ಒಳಗಿನ ದ್ರವ ಕದಡಬೇಕು. ಬೆಳಗ್ಗೆ ನೋಡಿದ, ಸಂಜೆ ನೋಡಿದ, ತಿಳಿಯಾಗಿಯೇ ಇತ್ತು. ಕದಡಲಿ ದೇವರೇ, ಅದರ ಹೆಸರಾದರೂ ಗೊತ್ತಾಗಲಿ ಎಂದು ಬೇಡಿಕೊಂಡ. ಡಬ್ಬದ ಮಾತ್ರೆಗೆ ಅರೆಜೀವವಾದ ಕ್ರಿಮಿ ಬಾಟಲಿಯಲ್ಲಿ ಬೆಳೆಯಲಿಲ್ಲ, ಅಕ್ಕನ ಮೈಯಲ್ಲಿ ಸಾಯಲೂ ಇಲ್ಲ. ಇದು ಕ್ರಿಮಿಯ ಕಾಟವೇ ಅಲ್ಲವೇನೋ ಎಂದು ಡಾಕ್ಟರಮ್ಮ ಬೇರೆ ಕಾರಣ ಹುಡುಕತೊಡಗಿದರು.

ತಾಯಿಗೋ ಸಂಭ್ರಮ. "ನೋಡಿದ್ಯಾ, ಕ್ರಿಮಿನೇ ಇಲ್ವಂತೆ! ಎಲ್ಲಾ ನಿನ್ನ ಕೈಗುಣ ಕಣೋ."

ಆ ಹೊಗಳಿಕೆಯನ್ನು ಅವನಿಂದ ಕೇಳಲಾಗಲಿಲ್ಲ. ಓಡಿಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿಬಿಟ್ಟ. ಅವರು ಬೈಯಲಿಲ್ಲ. "ಬಂದ ದಿನವೇ ಹೇಳಬಾರದಿತ್ತೇನಪ್ಪಾ?" ಎಂದು ವಾರ್ಡಿನತ್ತ ಧಾವಿಸಿದರು. ಔಷಧಿ ಬದಲಾಯಿತು. ಅಕ್ಕ ಉಳಿಯಲಿಲ್ಲ.

ಎಲ್ಲ ಮುಗಿಸಿ ಮನೆಗೆ ಬಂದ ಮೇಲೆ ತಾಯಿ ಎದೆ ಬಡಿದುಕೊಂಡಳು. "ಅವಳ ಹಣೇಲಿ ಅಷ್ಟೇ ಬರೆದಿತ್ತು!"

"ಹಣೇಬರಹ ಅಲ್ಲಮ್ಮಾ. ನಾನು ಕೊಟ್ಟ ಮಾತ್ರೆ."

ಭಾವ ತಲೆ ಎತ್ತಿದರು. "ಹಗಲೆಲ್ಲಾ ಇದನ್ನೇ ನೋಡೋನು ನೀನು. ಹೀಗಾಗುತ್ತೆ ಅಂತ ನಿನಗೆ ಗೊತ್ತಿರ್ಲಿಲ್ವೇನೋ?"

ಇಲ್ಲ ಅನ್ನು, ಇಲ್ಲ ಅನ್ನು ಎಂದು ತಾಯಿ ಕಣ್ಣಲ್ಲೇ ಬೇಡುತ್ತಿದ್ದಳು.

"ಗೊತ್ತಿತ್ತು ಭಾವ."